ಬೆರಳಚ್ಚಿನ ಫೋಟೋ: ಯಾವ ಬೆಳಕು, ಯಾವ ಲೆನ್ಸ್, ಯಾವ ಫೈಲ್?

ಬೆಳಗ್ಗೆ ಕಾಫಿ ಕುಡಿದ ಸ್ಟೀಲ್ ಲೋಟವನ್ನು ತೊಳೆಯುವ ಮೊದಲು ಒಮ್ಮೆ ಕಿಟಕಿಯ ಹತ್ತಿರ ಹಿಡಿದು ನೋಡಿ. ನೇರವಾಗಿ ನೋಡಿದರೆ ಹೊಳಪು ಬಿಟ್ಟು ಏನೂ ಕಾಣುವುದಿಲ್ಲ. ನಿಧಾನಕ್ಕೆ ಓರೆ ಮಾಡಿ. ಒಂದು ಕೋನಕ್ಕೆ ಬಂದಾಗ ನಿಮ್ಮ ಹೆಬ್ಬೆರಳಿನ ಗೆರೆಗಳು ತಟ್ಟನೆ ಎದ್ದು ಕಾಣುತ್ತವೆ. ಇನ್ನೂ ಸ್ವಲ್ಪ ತಿರುಗಿಸಿದರೆ ಮತ್ತೆ ಮಾಯ. ಅಚ್ಚು ಅಲ್ಲೇ ಇತ್ತು. ಬದಲಾಗಿದ್ದು ಬೆಳಕು ಬೀಳುವ ದಿಕ್ಕು ಮಾತ್ರ.

ಫೊರೆನ್ಸಿಕ್ ಓದುವ ಮಕ್ಕಳು ನನ್ನನ್ನು ಮೊದಲು ಕೇಳುವುದು, ‘ಸರ್, ಯಾವ ಕ್ಯಾಮೆರಾ ತಗೊಳ್ಳಲಿ?’ ಅಂತ. ನಾನು ಅವರ ಕೈಗೆ ಒಂದು ಟಾರ್ಚ್, ಒಂದು ಸ್ಟೀಲ್ ಡಬ್ಬಿ ಕೊಟ್ಟು ಅಚ್ಚು ಹುಡುಕಲು ಹೇಳುತ್ತೇನೆ. ಹತ್ತು ನಿಮಿಷ ಅದರ ಜೊತೆ ಕಳೆದವರಿಗೆ ಕ್ಯಾಮೆರಾ ಪ್ರಶ್ನೆ ಎಷ್ಟು ಚಿಕ್ಕದು ಅಂತ ತಾನಾಗಿಯೇ ಗೊತ್ತಾಗುತ್ತದೆ. ಈ ಬರಹದಲ್ಲಿ ಕ್ಯಾಮೆರಾ, ಲೆನ್ಸ್, ಫೈಲ್ ಎಲ್ಲವನ್ನೂ ಹೋಲಿಸುತ್ತೇನೆ. ಆದರೆ ಜಾಸ್ತಿ ಜಾಗ ಬೆಳಕಿಗೇ ಕೊಡುತ್ತೇನೆ. ಕೆಲಸ ಗೆಲ್ಲುವುದೂ ಕೆಡುವುದೂ ಅಲ್ಲೇ.

ಮೊದಲು ಫೋಟೋನಾ, ಟೇಪಾ?

ಬೆರಳಚ್ಚನ್ನು ಅಪರಾಧ ನಡೆದ ಜಾಗದಿಂದ ತರಲು ಎರಡು ದಾರಿ ಇವೆ. ಪುಡಿ ಹಾಕಿ ಟೇಪಿನಲ್ಲಿ ಎತ್ತುವುದು ಒಂದು. ಇದ್ದಲ್ಲೇ ಫೋಟೋ ತೆಗೆಯುವುದು ಇನ್ನೊಂದು. ಇವೆರಡರಲ್ಲಿ ಒಂದನ್ನೇ ಆರಿಸಬೇಕಾಗಿಲ್ಲ. ಆದರೆ ಯಾವುದು ಮೊದಲು ಎನ್ನುವುದರಲ್ಲಿ ನನಗೆ ಸ್ವಲ್ಪವೂ ಅನುಮಾನವಿಲ್ಲ. ಫೋಟೋ ಮೊದಲು.

ಕಣ್ಣಿಗೆ ಕಾಣದ ಅಚ್ಚು ಅಂದರೆ ಬೆವರು, ಉಪ್ಪು, ಅಮೈನೋ ಆಮ್ಲ, ಮುಖ ಮುಟ್ಟಿದಾಗ ಬೆರಳಿಗೆ ಹತ್ತಿದ ಎಣ್ಣೆ. ಇದೆಲ್ಲ ಸೇರಿ ಒಂದು ತೆಳು ಪದರ, ಅಷ್ಟೇ. ಬ್ರಷ್ ಸ್ವಲ್ಪ ಗಟ್ಟಿಯಾಗಿ ಆಡಿದರೆ ಗೆರೆಗಳು ತುಂಬಿಕೊಂಡು ಕಲಸಿಹೋಗುತ್ತವೆ. ಟೇಪಿನ ಕೆಳಗೆ ಗಾಳಿಗುಳ್ಳೆ ಉಳಿದರೆ ಅಲ್ಲಿ ಗೆರೆಯೇ ಬರುವುದಿಲ್ಲ. ಒಮ್ಮೆ ಎತ್ತಿದ ಮೇಲೆ ಎರಡನೇ ಅವಕಾಶ ಸಿಗುವುದು ಅಪರೂಪ. ಫೋಟೋ ಅಚ್ಚನ್ನು ಮುಟ್ಟುವುದೇ ಇಲ್ಲ. ಅಚ್ಚು ಬಾಗಿಲ ಚಿಲಕದ ಮೇಲಿತ್ತಾ, ಬೀರುವಿನ ಒಳಗಡೆ ಇತ್ತಾ, ಬೆರಳು ಯಾವ ಕಡೆಗೆ ತಿರುಗಿತ್ತು ಅನ್ನುವುದನ್ನೂ ಅದು ಹೇಳುತ್ತದೆ. ಕಾರ್ಡಿಗೆ ಅಂಟಿಸಿದ ಟೇಪು ಇದ್ಯಾವುದನ್ನೂ ಹೇಳಲಾರದು.

ಹಾಗಾಗಿ ಕ್ರಮ ಹೀಗಿರಲಿ. ಮೊದಲು ಟಾರ್ಚ್ ಹಾಕಿ ಹುಡುಕಿ. ಕಂಡದ್ದನ್ನು ಹಾಗೆಯೇ ಫೋಟೋ ತೆಗೆಯಿರಿ. ಆಮೇಲೆ ಪುಡಿ ಅಥವಾ ರಾಸಾಯನಿಕ. ಮತ್ತೆ ಫೋಟೋ. ಕೊನೆಗೆ ಟೇಪು. ಎತ್ತಿದ ಟೇಪಿನದೂ ಒಂದು ಚಿತ್ರ. ಪಾರದರ್ಶಕ ಟೇಪನ್ನು ಕಾರ್ಡಿಗೆ ಅಂಟಿಸಿದರೆ ಅಚ್ಚು ಸರಿ ದಿಕ್ಕಿನಲ್ಲೇ ಕಾಣುತ್ತದೆ. ಅಚ್ಚನ್ನು ಅಂಟಿಸಿಕೊಂಡು ಎತ್ತುವ ಕಪ್ಪು ಜೆಲ್ ಹಾಳೆಯಲ್ಲಿ (ಜೆಲ್ ಲಿಫ್ಟರ್) ಅದು ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿರುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ತಿರುಗಿಸಬೇಕು, ತಿರುಗಿಸಿದ್ದೇನೆ ಅಂತ ಬರೆದಿಡಬೇಕು. ಈ ಒಂದು ಸಾಲು ಬರೆಯದೆ ಹೋದರೆ ಮುಂದೆ ಹೋಲಿಕೆ ಮಾಡುವವರು ಇಲ್ಲದ ಬೆರಳನ್ನು ಹುಡುಕುತ್ತಾ ಕೂರುತ್ತಾರೆ.

ಅಚ್ಚು ಇದ್ದ ವಸ್ತುವೇ ಕೋರ್ಟಿಗೆ ಹೋಗುವ ಹಾಗಿದ್ದರೂ ಫೋಟೋ ಬೇಕೇಬೇಕು. 1898ರಲ್ಲಿ ಬಂಗಾಳದ ಜಲಪಾಯಿಗುರಿಯಲ್ಲಿ ಚಹಾ ತೋಟದ ಮ್ಯಾನೇಜರ್ ಒಬ್ಬರ ಕೊಲೆಯಾಯಿತು. ಅಲ್ಲಿ ಸಿಕ್ಕ ಪಂಚಾಂಗದ ಮೇಲೆ ಒಂದು ಕಂದು ಕಲೆ ಇತ್ತು. ಅದು ರಕ್ತ ಹತ್ತಿದ ಹೆಬ್ಬೆರಳಿನ ಅಚ್ಚು. ಹಿಂದಿನ ವರ್ಷವಷ್ಟೇ, 1897ರಲ್ಲಿ, ಕಲ್ಕತ್ತಾದಲ್ಲಿ ಪ್ರಪಂಚದ ಮೊದಲ ಬೆರಳಚ್ಚು ಬ್ಯೂರೋ ಶುರುವಾಗಿತ್ತು. ಅಲ್ಲಿನ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ದುಡಿದು ಕಟ್ಟಿದ ವರ್ಗೀಕರಣವೇ ಇವತ್ತಿಗೂ ಅವರ ಮೇಲಧಿಕಾರಿಯ ಹೆಸರಿನಲ್ಲಿ ‘ಹೆನ್ರಿ ಪದ್ಧತಿ’ ಎನಿಸಿಕೊಂಡಿದೆ. ಆ ಕಲೆ ಬ್ಯೂರೋದ ದಾಖಲೆಯಲ್ಲಿದ್ದ ಒಬ್ಬನ ಹೆಬ್ಬೆರಳಿನ ಅಚ್ಚಿಗೆ ಹೊಂದಿತು. ಅವನಿಗೆ ಕಳ್ಳತನಕ್ಕೆ ಶಿಕ್ಷೆಯಾಯಿತು, ಕೊಲೆಗೆ ಆಗಲಿಲ್ಲ. ಪುಸ್ತಕದ ರಕ್ಷಾಪುಟದ ಮೇಲಿನ ಒಂದು ಕಲೆಯ ಮೇಲೆ ಅಷ್ಟೊಂದು ಭಾರ ನಿಂತಿತ್ತು. ಅಂಥ ಕಲೆ ಕೈಯಿಂದ ಕೈಗೆ ಹೋಗುತ್ತಾ ಮಾಸಿದರೆ ಆಮೇಲೆ ತೋರಿಸಲು ಏನು ಉಳಿಯುತ್ತದೆ?

ಬೆಳಕು: ಮೇಲ್ಮೈ ನೋಡಿ ಆರಿಸಿ

ಬೆಳಕಿನ ವಿಧಾನಗಳಲ್ಲಿ ‘ಇದೇ ಒಳ್ಳೆಯದು’ ಅನ್ನುವುದು ಇಲ್ಲ. ಅಚ್ಚು ಯಾವುದರ ಮೇಲಿದೆ ಅನ್ನುವುದೇ ತೀರ್ಮಾನ ಮಾಡುತ್ತದೆ. ಕ್ಯಾಮೆರಾದ ಮೇಲೆ ಕೂತಿರುವ ಫ್ಲ್ಯಾಶನ್ನು ಮಾತ್ರ ಈಗಲೇ ಪಕ್ಕಕ್ಕೆ ಇಡಿ. ಅದರ ಬೆಳಕು ನೇರವಾಗಿ ಹೋಗಿ ನೇರವಾಗಿ ವಾಪಸ್ ಬರುತ್ತದೆ. ಅಚ್ಚು ಇರಬೇಕಾದ ಜಾಗದಲ್ಲಿ ಬಿಳಿ ಚುಕ್ಕೆ ಉಳಿಯುತ್ತದೆ.

ನಾನು ಎಲ್ಲಕ್ಕಿಂತ ಮೊದಲು ಪ್ರಯತ್ನಿಸುವುದು ಓರೆ ಬೆಳಕು. ಟಾರ್ಚನ್ನು ಮೇಲ್ಮೈಗೆ ಹೆಚ್ಚುಕಮ್ಮಿ ಮಲಗಿಸಿ ಹಿಡಿಯುವುದು, ಹತ್ತು ಹದಿನೈದು ಡಿಗ್ರಿಯಷ್ಟು. ಸಂಜೆ ಬಿಸಿಲಿನಲ್ಲಿ ಉತ್ತ ಹೊಲದ ಸಾಲುಗಳು ಎಷ್ಟು ಚೆನ್ನಾಗಿ ಕಾಣುತ್ತವೆ, ಅಲ್ವಾ? ಅದೇ ಲೆಕ್ಕ. ಎತ್ತರ ಇರುವ ಕಡೆ ಬೆಳಕು, ಪಕ್ಕದಲ್ಲಿ ನೆರಳು. ಧೂಳಿನಲ್ಲಿ ಮೂಡಿದ ಅಚ್ಚು, ಕಿಟಕಿಯ ಹಸಿ ಪುಟ್ಟಿಯಲ್ಲಿ ಒತ್ತಿದ ಅಚ್ಚು, ಮೇಣ, ಸೋಪು, ಸೂಪರ್‌ಗ್ಲೂ ಹೊಗೆ ಹಾಕಿ ಗೆರೆ ಬೆಳ್ಳಗಾದ ಕಪ್ಪು ಪ್ಲಾಸ್ಟಿಕ್ ಇವಕ್ಕೆಲ್ಲ ಇದನ್ನು ಮೀರಿಸುವುದು ಬೇರೊಂದಿಲ್ಲ. ನಮ್ಮ ಹಳೆ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಅಂಗೈ ಊರಿದ ಗುರುತನ್ನು ಕತ್ತಲೆ ಮಾಡಿಕೊಂಡು ಓರೆ ಟಾರ್ಚಿನಲ್ಲಿ ಹುಡುಕಿ. ಟ್ಯೂಬ್‌ಲೈಟಿನಲ್ಲಿ ಕಾಣದೇ ಇದ್ದದ್ದು ನೆಲದ ಉದ್ದಕ್ಕೂ ಕಾಣುತ್ತದೆ. ಇದರ ದೋಷ ಏನೆಂದರೆ, ಬೆಳಕಿನ ದಿಕ್ಕಿಗೆ ಉದ್ದಕ್ಕೆ ಮಲಗಿದ ಗೆರೆಗಳಿಗೆ ನೆರಳು ಬೀಳುವುದಿಲ್ಲ, ಅವು ಮಸುಕಾಗಿ ಉಳಿಯುತ್ತವೆ. ಅದಕ್ಕೇ ಒಂದೇ ದಿಕ್ಕಿನಿಂದ ತೆಗೆದು ಬಿಡಬೇಡಿ. ಟಾರ್ಚನ್ನು ಗಡಿಯಾರದ ಮುಳ್ಳಿನ ಹಾಗೆ ಸುತ್ತ ತಿರುಗಿಸಿ, ನಾಲ್ಕು ಕಡೆಯಿಂದ ತೆಗೆಯಿರಿ. ಕ್ಯಾಮೆರಾ ಮಾತ್ರ ಕದಲಬಾರದು.

ಕನ್ನಡಿಯಷ್ಟು ನುಣುಪಾದ ಚಪ್ಪಟೆ ಲೋಹಕ್ಕೆ ಓರೆ ಬೆಳಕಿಗಿಂತ ನೇರ ಬೆಳಕು ಒಳ್ಳೆಯದು. ಆದರೆ ಫ್ಲ್ಯಾಶಿನ ಹಾಗಲ್ಲ. ಲೆನ್ಸಿನ ಮತ್ತು ವಸ್ತುವಿನ ನಡುವೆ ಒಂದು ತೆಳು ಗಾಜಿನ ತುಂಡನ್ನು 45 ಡಿಗ್ರಿಗೆ ನಿಲ್ಲಿಸಿ. ಪಕ್ಕದಿಂದ ಆ ಗಾಜಿಗೆ ಬೆಳಕು ಬಿಡಿ. ಗಾಜು ಬೆಳಕಿನ ಒಂದು ಪಾಲನ್ನು ಕೆಳಕ್ಕೆ ತಿರುಗಿಸುತ್ತದೆ. ನುಣುಪಾದ ಲೋಹ ಅದನ್ನು ನೇರ ಮೇಲಕ್ಕೆ, ಗಾಜಿನ ಮೂಲಕ ಲೆನ್ಸಿಗೆ ಕಳಿಸುತ್ತದೆ. ಅಚ್ಚಿನ ಗೆರೆಗಳು ಬೆಳಕನ್ನು ಚದುರಿಸಿಬಿಡುತ್ತವೆ. ಹಿನ್ನೆಲೆ ಬೆಳ್ಳಗೆ, ಗೆರೆ ಕಪ್ಪಗೆ. ಪುಡಿಯೇ ಇಲ್ಲದೆ ಇಷ್ಟು ಚೆನ್ನಾಗಿ ಬರುವ ಚಿತ್ರ ನೋಡಿದಾಗ ನನಗೆ ಈಗಲೂ ಖುಷಿಯಾಗುತ್ತದೆ. ಇದಕ್ಕೆ ಬೇಕಾಗುವುದು ಫೋಟೋ ಫ್ರೇಮಿನ ಒಂದು ಗಾಜು, ಅದನ್ನು ನಿಲ್ಲಿಸಲು ಎರಡು ಕ್ಲಿಪ್ಪು, ಒಂದು ಟಾರ್ಚು, ಮತ್ತು ಪಕ್ಕದಲ್ಲಿ ಗೋಡೆಗೆ ಬೀಳುವ ಬೆಳಕು ವಾಪಸ್ ಬರದ ಹಾಗೆ ಒಂದು ಕಪ್ಪು ಕಾಗದ. ಗಾಜು ಧೂಳಾಗಿದ್ದರೆ ಮಾತ್ರ ಚಿತ್ರವೆಲ್ಲ ಮಂಜು ಮಂಜು. ಜಾಗದಲ್ಲಿ ಓಡಾಡುತ್ತಾ ಮಾಡುವುದು ಕಷ್ಟ, ಮೇಜಿನ ಮೇಲೆ ಇಟ್ಟು ಮಾಡುವ ಕೆಲಸ ಇದು.

ಲೋಟ, ಚೊಂಬು, ಚಮಚದಂಥ ಬಾಗಿದ ಹೊಳಪಿನ ವಸ್ತುಗಳಿಗೆ ಮೇಲಿನ ಎರಡೂ ಸಾಲುವುದಿಲ್ಲ. ಅವು ಕೋಣೆಯನ್ನೇ ತಮ್ಮೊಳಗೆ ತೋರಿಸುತ್ತವೆ. ಕಿಟಕಿ, ಫ್ಯಾನು, ನಿಮ್ಮ ಮುಖ ಎಲ್ಲ ಅಚ್ಚಿನ ಮೇಲೆ ಕೂರುತ್ತವೆ. ಇಲ್ಲಿ ಬೆಳಕನ್ನು ಹರಡಬೇಕು. ಬಟರ್ ಪೇಪರನ್ನು ಕೊಳವೆಯ ಹಾಗೆ ಸುತ್ತಿ, ವಸ್ತುವನ್ನು ಒಳಗಿಟ್ಟು, ಹೊರಗಿನಿಂದ ಬೆಳಕು ಕೊಡಿ. ಮೇಲಿನ ಬಾಯಿಯಿಂದ ಲೆನ್ಸು ನೋಡಲಿ. ಹೊಳಪು ತಗ್ಗಿ ಎಲ್ಲ ಒಂದೇ ಸಮ ಬೆಳ್ಳಗಾಗುತ್ತದೆ. ಪುಡಿ ಹಾಕಿದ ಅಚ್ಚಿಗೆ ಇದು ತುಂಬ ಚೆನ್ನಾಗಿ ಹೊಂದುತ್ತದೆ. ಪುಡಿ ಹಾಕದ ಅಚ್ಚಿಗೆ ಅಷ್ಟು ಹೊಂದುವುದಿಲ್ಲ, ಯಾಕೆಂದರೆ ಹರಡಿದ ಬೆಳಕಿನಲ್ಲಿ ಗೆರೆಗೂ ಹಿನ್ನೆಲೆಗೂ ಇರುವ ವ್ಯತ್ಯಾಸವೇ ಕರಗುತ್ತದೆ.

ಗಾಜಿಗೆ ಹಿಂದಿನಿಂದ ಬೆಳಕು. ಕಪ್ಪು ಪುಡಿ ಹಾಕಿದ್ದರೆ ಗಾಜಿನ ಹಿಂದೆ ಸ್ವಲ್ಪ ದೂರದಲ್ಲಿ ಬಿಳಿ ಹಾಳೆ ಹಿಡಿದು ಆ ಹಾಳೆಗೆ ಬೆಳಕು ಹಾಕಿದರೆ ಸಾಕು. ಪುಡಿ ಇಲ್ಲದಿದ್ದರೆ ಬಿಳಿ ಹಾಳೆಯ ಬದಲು ಕಪ್ಪು ಬಟ್ಟೆ ಹಿಡಿಯಿರಿ, ಬೆಳಕನ್ನು ಹಿಂದಿನ ಪಕ್ಕದಿಂದ ಓರೆಯಾಗಿ ಬಿಡಿ. ಬೆಳಕು ನೇರ ಲೆನ್ಸಿಗೆ ಬರಬಾರದು. ಗೆರೆಗಳು ಮಾತ್ರ ಅದನ್ನು ಹಿಡಿದು ಕಪ್ಪಿನ ಮೇಲೆ ಬೆಳ್ಳಗೆ ಮಿನುಗುತ್ತವೆ. ನನ್ನ ಮಟ್ಟಿಗೆ ಕಿಟಕಿ ಗಾಜಿಗೆ ಈ ಎರಡನೆಯದೇ ಮೊದಲ ಆಯ್ಕೆ. ಗಾಜಿನ ಯಾವ ಮುಖದ ಮೇಲೆ ಅಚ್ಚಿದೆ, ಒಳಗಾ ಹೊರಗಾ, ಅಂತ ಬರೆದಿಡುವುದು ಮರೆಯಬೇಡಿ. ಕಳ್ಳ ಹೊರಗಿನಿಂದ ಮುಟ್ಟಿದನೋ ಮನೆಯವರು ಒಳಗಿನಿಂದ ಮುಟ್ಟಿದರೋ ಅನ್ನುವ ಪ್ರಶ್ನೆ ಅದರ ಮೇಲೇ ನಿಲ್ಲುತ್ತದೆ.

ಕನ್ನಡಿ ಇವೆಲ್ಲಕ್ಕಿಂತ ತುಂಟ. ಅದರ ಹೊಳೆಯುವ ಲೇಪ ಗಾಜಿನ ಹಿಂದೆ ಇರುತ್ತದೆ. ಓರೆಯಾಗಿ ನೋಡಿದರೆ ಮೇಲಿನ ಅಚ್ಚು ಒಂದು, ಪ್ರತಿಬಿಂಬದ ಅಚ್ಚು ಇನ್ನೊಂದು, ಎರಡೂ ಪಕ್ಕಪಕ್ಕ ಕೂತು ಗೆರೆಗಳು ಜೋಡಿಯಾಗುತ್ತವೆ. ಆದ್ದರಿಂದ ಕ್ಯಾಮೆರಾ ಕನ್ನಡಿಗೆ ಸರಿಯಾಗಿ ನೇರವಾಗಿರಬೇಕು. ಆಗ ಕ್ಯಾಮೆರಾದ ಪ್ರತಿಬಿಂಬವೇ ಎದುರು ಬರುತ್ತದೆ. ಕಪ್ಪು ಬಟ್ಟೆಗೆ ಲೆನ್ಸಿನಷ್ಟು ತೂತು ಮಾಡಿ ಕ್ಯಾಮೆರಾದ ಮುಂದೆ ಕಟ್ಟಿಕೊಳ್ಳಿ. ಕನ್ನಡಿ ಆ ಕಪ್ಪನ್ನೇ ತೋರಿಸುತ್ತದೆ. ಅದರ ಮೇಲೆ ಬೂದು ಪುಡಿಯ ಅಚ್ಚು ಬೆಳ್ಳಗೆ ಎದ್ದು ಬರುತ್ತದೆ. ಫೋಕಸ್ ಅಚ್ಚಿನ ಮೇಲಿದೆಯೋ ಪ್ರತಿಬಿಂಬದ ಮೇಲಿದೆಯೋ ಅಂತ ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿಯೇ ಒತ್ತಿ.

ಬಣ್ಣ ಬಂದ ಅಚ್ಚು, ಹೊಳೆಯುವ ಅಚ್ಚು

ಕಾಗದ, ರಟ್ಟು, ಬಣ್ಣ ಹೊಡೆಯದ ಮರ ಇವು ಬೆವರನ್ನು ಒಳಗೆ ಎಳೆದುಕೊಳ್ಳುತ್ತವೆ. ಅಲ್ಲಿ ಪುಡಿಗಿಂತ ರಾಸಾಯನಿಕ ಕೆಲಸ ಮಾಡುತ್ತದೆ. ನಿನ್‌ಹೈಡ್ರಿನ್ ಅಮೈನೋ ಆಮ್ಲದ ಜೊತೆ ಸೇರಿ ನೇರಳೆ ಬಣ್ಣ ಕೊಡುತ್ತದೆ. ಬೆರಳಚ್ಚಿಗೆ ಇದನ್ನು ಬಳಸಬಹುದು ಅಂತ 1954ರಲ್ಲಿ ಸ್ವೀಡನ್ನಿನ ಇಬ್ಬರು ತೋರಿಸಿಕೊಟ್ಟರು. ನೇರಳೆ ಅಚ್ಚನ್ನು ಕಪ್ಪಾಗಿ ತೋರಿಸಲು ಹಸಿರು ಬೆಳಕು ಅಥವಾ ಲೆನ್ಸಿಗೆ ಹಸಿರು ಫಿಲ್ಟರ್ ಹಾಕಿ. ನೇರಳೆ ಬಣ್ಣ ಹಸಿರನ್ನು ನುಂಗುತ್ತದೆ, ಕಾಗದ ನುಂಗುವುದಿಲ್ಲ. ಸೂತ್ರ ಸುಲಭ: ಗೆರೆಯ ಬಣ್ಣವನ್ನು ಕಪ್ಪು ಮಾಡಬೇಕಾದರೆ ಅದು ನುಂಗುವ ಬಣ್ಣದ ಬೆಳಕು ಕೊಡಿ. ಹಿನ್ನೆಲೆಯ ಬಣ್ಣವನ್ನು ಅಳಿಸಬೇಕಾದರೆ ಅದೇ ಬಣ್ಣದ ಬೆಳಕು ಕೊಡಿ. ಕೆಂಪು ಅಕ್ಷರದ ಲೇಬಲ್ ಮೇಲೆ ಕಪ್ಪು ಪುಡಿಯ ಅಚ್ಚಿದ್ದರೆ ಕೆಂಪು ಫಿಲ್ಟರ್ ಹಾಕಿದಾಗ ಅಕ್ಷರ ಮಸುಕಾಗಿ ಅಚ್ಚು ಉಳಿಯುತ್ತದೆ. ರಕ್ತದ ಅಚ್ಚಿಗೆ 415 ನ್ಯಾನೋಮೀಟರ್ ತರಂಗಾಂತರದ ಹತ್ತಿರದ ನೇರಳೆ ಬೆಳಕು. ರಕ್ತ ಅದನ್ನು ಬಹಳ ಗಟ್ಟಿಯಾಗಿ ನುಂಗುತ್ತದೆ.

ಸಮಯದ ವಿಷಯದಲ್ಲಿ ಇವುಗಳ ನಡುವೆ ದೊಡ್ಡ ವ್ಯತ್ಯಾಸ ಇದೆ. ಅಯೋಡಿನ್ ಹೊಗೆಯ ಕಂದು ಅಚ್ಚು ನಿಮಿಷಗಳಲ್ಲಿ ಮಾಯವಾಗುತ್ತದೆ. ಕ್ಯಾಮೆರಾ ತಯಾರಾಗುವ ಮೊದಲು ಅಯೋಡಿನ್ ಬಾಟಲಿ ತೆರೆಯಲೇಬೇಡಿ. ನಿನ್‌ಹೈಡ್ರಿನ್ ಅಚ್ಚು ನಿಧಾನವಾಗಿ ಮೂಡುತ್ತದೆ, ಬೆಳಕಿಗೆ ಇಟ್ಟರೆ ದಿನ ಕಳೆದಂತೆ ಮಾಸುತ್ತದೆ.

ಇನ್ನು ಹೊಳೆಯುವ ಅಚ್ಚು. ಸೂಪರ್‌ಗ್ಲೂ ಹೊಗೆ ಹಾಕಿದ ಬಿಳಿ ಪ್ಲಾಸ್ಟಿಕ್ ಕವರ್ ಮೇಲೆ ಬಿಳಿ ಗೆರೆ ಹೇಗೆ ಕಾಣಬೇಕು? ಅದಕ್ಕೆ ರೋಡಮಿನ್ 6ಜಿ ತರಹದ ಬಣ್ಣ ಹಿಡಿಸಿ, ಹಸಿರು ಬೆಳಕು ಕೊಟ್ಟು, ಕಿತ್ತಳೆ ಫಿಲ್ಟರಿನಲ್ಲಿ ನೋಡುತ್ತಾರೆ. ಬೇಸಿಕ್ ಯೆಲ್ಲೋ 40 ಆದರೆ ನೀಲಿ-ನೇರಳೆ ಬೆಳಕು, ಹಳದಿ ಫಿಲ್ಟರ್. ಕಾಗದದ ಮೇಲೆ ಡಿಎಫ್‌ಒ ಎಂಬ ರಾಸಾಯನಿಕ ಬಳಸಿದರೆ ಹಸಿರು ಬೆಳಕು, ಕಿತ್ತಳೆ-ಕೆಂಪು ಫಿಲ್ಟರ್. ಕಣ್ಣಿಗೆ ಹಾಕುವ ಕನ್ನಡಕ ಯಾವ ಬಣ್ಣವೋ ಲೆನ್ಸಿಗೂ ಅದೇ ಬಣ್ಣ. ಕೋಣೆ ಪೂರ್ತಿ ಕತ್ತಲಾಗಿರಬೇಕು. ಶಟರ್ ಹಲವು ಸೆಕೆಂಡು ತೆರೆದಿರಬೇಕಾಗಬಹುದು. ಅಂದರೆ ಗಟ್ಟಿ ಟ್ರೈಪಾಡ್ ಇಲ್ಲದೆ ಈ ದಾರಿ ಇಲ್ಲವೇ ಇಲ್ಲ.

ಆನ್‌ಲೈನಿನಲ್ಲಿ ಸಿಗುವ ಯುವಿ ಟಾರ್ಚುಗಳ ಬಗ್ಗೆ ಒಂದು ಮಾತು. 395 ನ್ಯಾನೋಮೀಟರಿನದು ಅಗ್ಗ, ಆದರೆ ಅದರಿಂದ ನೇರಳೆ ಬೆಳಕು ಜಾಸ್ತಿ ಚೆಲ್ಲುತ್ತದೆ. 365ರದ್ದು ಹೆಚ್ಚು ಶುದ್ಧ. ಹೊಳೆಯುವ ಪುಡಿ ಹಾಕಿದ ಅಚ್ಚಿಗೆ ಎರಡೂ ಪರವಾಗಿಲ್ಲ. ಏನೂ ಹಾಕದ ಅಚ್ಚನ್ನು ಅವು ತೋರಿಸಿಬಿಡುತ್ತವೆ ಅಂತ ನಂಬಿ ದುಡ್ಡು ಹಾಕಬೇಡಿ. ಆ ಕೆಲಸಕ್ಕೆ 254 ನ್ಯಾನೋಮೀಟರಿನ ದೀಪ, ಕ್ವಾರ್ಟ್ಜ್ ಲೆನ್ಸ್ ಇರುವ ಬೇರೆಯೇ ಉಪಕರಣ ಬೇಕು. ಅದು ಕಣ್ಣು, ಚರ್ಮಕ್ಕೂ ಅಪಾಯ, ಡಿಎನ್‌ಎಗೂ ಹಾನಿ. ಅದೇ ಅಚ್ಚಿನಿಂದ ಡಿಎನ್‌ಎ ಕೂಡ ಬೇಕು ಅನ್ನುವ ಕೇಸಿನಲ್ಲಿ ಮೊದಲು ಕೇಳಿಕೊಂಡು ಮುಂದುವರಿಯಿರಿ.

ಕ್ಯಾಮೆರಾ, ಲೆನ್ಸ್, ಸ್ಕ್ಯಾನರ್

ಇಲ್ಲಿ ಒಂದು ಸಂಖ್ಯೆ ನೆನಪಿಟ್ಟರೆ ಸಾಕು: ಅಚ್ಚಿನ ನಿಜ ಅಳತೆಯಲ್ಲಿ ಇಂಚಿಗೆ 1000 ಪಿಕ್ಸೆಲ್. ಜಾಗದಲ್ಲಿ ಸಿಕ್ಕ ಅಚ್ಚುಗಳಿಗೆ ಇದೇ ಒಪ್ಪಿಕೊಂಡ ಕನಿಷ್ಠ ಮಟ್ಟ. ಹತ್ತು ಬೆರಳಿನ ದಾಖಲೆಗಳಲ್ಲಿ 500 ರೂಢಿಯಲ್ಲಿದೆ. 1000ದಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು 25 ಮೈಕ್ರಾನ್. ಒಂದು ಗೆರೆಯಿಂದ ಪಕ್ಕದ ಗೆರೆಗೆ ಸುಮಾರು ಅರ್ಧ ಮಿಲಿಮೀಟರ್, ಅದಕ್ಕೆ 500 ಆದರೂ ನಡೆಯುತ್ತದೆ. ಆದರೆ ಗೆರೆಯ ಮೇಲಿನ ಬೆವರಿನ ರಂಧ್ರ 100 ಮೈಕ್ರಾನ್ ಆಸುಪಾಸು. ಅದಕ್ಕೆ 1000ದಲ್ಲಿ ನಾಲ್ಕು ಪಿಕ್ಸೆಲ್ ಸಿಗುತ್ತದೆ, 500ರಲ್ಲಿ ಎರಡೇ.

ಈಗ ಲೆಕ್ಕ ಹಾಕೋಣ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 6000 ಗುಣಿಸು 4000 ಪಿಕ್ಸೆಲ್ ಇರುತ್ತದೆ. 1000ದಿಂದ ಭಾಗಿಸಿದರೆ 6 ಇಂಚು, 4 ಇಂಚು. ಅಂದರೆ ಅದಕ್ಕಿಂತ ದೊಡ್ಡ ಜಾಗವನ್ನು ಒಂದೇ ಚಿತ್ರದಲ್ಲಿ ತೆಗೆಯಬಾರದು. ಕ್ಯಾಮೆರಾ ಬಣ್ಣವನ್ನು ಪಕ್ಕದ ಪಿಕ್ಸೆಲ್‌ಗಳಿಂದ ಅಂದಾಜು ಮಾಡುವುದರಿಂದ ನಿಜವಾದ ವಿವರ ಲೆಕ್ಕಕ್ಕಿಂತ ಕಡಿಮೆ ಇರುತ್ತದೆ. ಹಾಗಾಗಿ ನಾನು ಇದರ ಅರ್ಧ ಜಾಗಕ್ಕೇ ನಿಲ್ಲುತ್ತೇನೆ. ಫುಲ್ ಫ್ರೇಮ್ ಆದರೂ ಚಿಕ್ಕ ಸೆನ್ಸರ್ ಆದರೂ ಪಿಕ್ಸೆಲ್ ಎಣಿಕೆ ಒಂದೇ ಇದ್ದರೆ ಈ ಲೆಕ್ಕವೂ ಒಂದೇ. ಫುಲ್ ಫ್ರೇಮಿಗಾಗಿ ಸುಮ್ನೆ ಸಾಲ ಮಾಡಬೇಡಿ.

ಲೆನ್ಸಿಗೆ ಬಂದರೆ, ಕ್ಯಾಮೆರಾದ ಜೊತೆ ಬರುವ 18-55 ಲೆನ್ಸನ್ನು ಎಲ್ಲರೂ ತಳ್ಳಿಹಾಕುತ್ತಾರೆ. ತೀರಾ ಹತ್ತಿರ ಹೋದಾಗ ಅದರಲ್ಲಿ ಸುಮಾರು 75 ಮಿಲಿಮೀಟರ್ ಅಗಲದ ಜಾಗ ತುಂಬಿಕೊಳ್ಳುತ್ತದೆ. 24 ಮೆಗಾಪಿಕ್ಸೆಲ್ಲಿನಲ್ಲಿ ಇದು ಇಂಚಿಗೆ 2000 ಆಯಿತು. ಲೆಕ್ಕಕ್ಕೆ ಪಾಸ್! ಕಲಿಯುವವರು ಇದರಿಂದಲೇ ಶುರು ಮಾಡಿ. ಆದರೆ ಅಂಚುಗಳಲ್ಲಿ ಅದು ಮಸುಕು, ನೇರ ಗೆರೆಯೂ ಸ್ವಲ್ಪ ಬಾಗುತ್ತದೆ. ಹತ್ತಿರದ ಚಿತ್ರಕ್ಕೆಂದೇ ಮಾಡಿದ ಮ್ಯಾಕ್ರೋ ಲೆನ್ಸ್ ಅಂಚಿನಿಂದ ಅಂಚಿಗೆ ಚಪ್ಪಟೆಯಾಗಿ, ಒಂದೇ ಸಮ ತೀಕ್ಷ್ಣವಾಗಿ ತೆಗೆಯುತ್ತದೆ. ಕೋರ್ಟಿಗೆ ಹೋಗುವ ಚಿತ್ರಕ್ಕೆ ಮ್ಯಾಕ್ರೋನೇ ಬೇಕು. 50-60 ಮಿಲಿಮೀಟರಿನದಕ್ಕಿಂತ 90-105ರದ್ದು ನನಗೆ ಇಷ್ಟ, ಯಾಕೆಂದರೆ ಅದರಲ್ಲಿ ವಸ್ತುವಿನಿಂದ ದೂರ ನಿಲ್ಲಬಹುದು, ನಡುವೆ ಟಾರ್ಚ್ ಆಡಿಸಲು, ಗಾಜು ನಿಲ್ಲಿಸಲು ಜಾಗ ಸಿಗುತ್ತದೆ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕುವ ಎಕ್ಸ್‌ಟೆನ್ಶನ್ ಟ್ಯೂಬ್ ಅಗ್ಗ, 50 ಮಿಲಿಮೀಟರ್ ಲೆನ್ಸಿನ ಜೊತೆ ಚೆನ್ನಾಗಿಯೇ ನಡೆಯುತ್ತದೆ. ಆದರೆ ವಸ್ತುವಿನ ಮೇಲೆ ಬಗ್ಗಿ ಕೂರಬೇಕು. ಲೆನ್ಸಿನ ಮುಂದೆ ತಿರುಗಿಸಿ ಹಾಕುವ ಅಗ್ಗದ ಕ್ಲೋಸಪ್ ಗಾಜುಗಳು ನನಗೆ ಬೇಡ.

ಮೊಬೈಲ್? ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕು, ಯಾಕೆಂದರೆ ಜಾಗದಲ್ಲಿ ಎಲ್ಲರ ಕೈಯಲ್ಲೂ ಇರುವುದು ಅದೇ. ಕೋಣೆಯ ಪೂರ್ತಿ ನೋಟ, ಬೀರು ಎಲ್ಲಿದೆ, ಅಚ್ಚು ಬೀರುವಿನ ಯಾವ ಭಾಗದಲ್ಲಿದೆ ಅನ್ನುವುದಕ್ಕೆ ಮೊಬೈಲ್ ಧಾರಾಳವಾಗಿ ಸಾಕು. ಹೋಲಿಕೆ ಮಾಡಬೇಕಾದ ಹತ್ತಿರದ ಚಿತ್ರಕ್ಕೆ ಬೇಡ. ಪಿಕ್ಸೆಲ್ ಕೊರತೆ ಇದಕ್ಕೆ ಕಾರಣವಲ್ಲ. ಮೊಬೈಲ್ ತನ್ನ ಬುದ್ಧಿ ಓಡಿಸುತ್ತದೆ. ಹಲವು ಚಿತ್ರ ಸೇರಿಸುತ್ತದೆ, ಕಾಳು ಕಾಳಾದದ್ದನ್ನು ಒರೆಸುತ್ತದೆ, ಅಂಚುಗಳನ್ನು ತೀಡುತ್ತದೆ. ಮುರಿದ ಗೆರೆ ಕೂಡಿದಂತೆ ಕಂಡರೆ, ಕೂಡಿದ ಗೆರೆ ಮುರಿದಂತೆ ಕಂಡರೆ ಅದು ಒಬ್ಬ ಮನುಷ್ಯನ ಹಣೆಬರಹದ ಪ್ರಶ್ನೆ. ಮ್ಯಾಕ್ರೋ ಮೋಡ್‌ನಲ್ಲಿ ಎರಡು ಮೂರು ಸೆಂಟಿಮೀಟರ್ ಹತ್ತಿರ ಹೋಗಬೇಕು, ಆಗ ಫೋನಿನ ನೆರಳೇ ಅಚ್ಚಿನ ಮೇಲೆ. ಬೇರೆ ದಾರಿಯೇ ಇಲ್ಲದಿದ್ದರೆ ಪ್ರೊ ಮೋಡ್, ರಾ ಫೈಲ್ (ತಿದ್ದದೆ ಉಳಿಸುವ ಮೂಲ ಫೈಲ್), ಒಂದು ಸ್ಟ್ಯಾಂಡ್, ಪಕ್ಕದಿಂದ ಟಾರ್ಚ್. ಅಚ್ಚು ಹಾಳಾಗುವ ಮೊದಲು ಏನೋ ಒಂದು ಇರುವುದು ಏನೂ ಇಲ್ಲದ್ದಕ್ಕಿಂತ ಮೇಲು.

ಟೇಪಿನ ಕಾರ್ಡು ಮತ್ತು ಚಪ್ಪಟೆ ಕಾಗದಕ್ಕೆ ಸ್ಕ್ಯಾನರ್ ಕ್ಯಾಮೆರಾಕ್ಕಿಂತ ಸುಲಭ. ಓರೆ ಇಲ್ಲ, ಅಳತೆ ತಪ್ಪುವುದಿಲ್ಲ. 1000 ಪಿಪಿಐ (ಅಂದರೆ ಇಂಚಿಗೆ 1000 ಪಿಕ್ಸೆಲ್) ಅಥವಾ ಅದಕ್ಕಿಂತ ಜಾಸ್ತಿ ಇಡಿ. ಪೆಟ್ಟಿಗೆಯ ಮೇಲೆ ಬರೆದ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ, ‘ಆಪ್ಟಿಕಲ್’ ಎಂದಿರುವ ಸಂಖ್ಯೆಯನ್ನೇ ನೋಡಿ. ತೆಳ್ಳಗಿನ ಸಿಐಎಸ್ ಸ್ಕ್ಯಾನರುಗಳಲ್ಲಿ ಗಾಜಿಗೆ ಅಂಟಿದ್ದು ಮಾತ್ರ ಸ್ಪಷ್ಟ, ಮಡಿಕೆ ಬಿದ್ದ ಕಾಗದ ಮಸುಕಾಗುತ್ತದೆ. ಹಳೆಯ ದಪ್ಪ ಸಿಸಿಡಿ ಸ್ಕ್ಯಾನರ್ ಸಿಕ್ಕರೆ ಬಿಡಬೇಡಿ.

ಸೆಟ್ಟಿಂಗ್ ವಿಷಯ ಚಿಕ್ಕದು. ಐಎಸ್‌ಒ 100, ಲೆನ್ಸಿನ ಕಿಂಡಿ ಎಫ್ 8 ಅಥವಾ ಎಫ್ 11 (ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು), ಫೋಕಸ್ ಕೈಯಲ್ಲಿ, ಎರಡು ಸೆಕೆಂಡಿನ ಟೈಮರ್. ಆಳ ಜಾಸ್ತಿ ಸಿಗಲಿ ಅಂತ ಎಫ್ 22ಕ್ಕೆ ಹೋಗಬೇಡಿ. ಒಂದಕ್ಕೊಂದು ಅಳತೆಯಲ್ಲಿ (ವಸ್ತು ಸೆನ್ಸರಿನ ಮೇಲೆ ತನ್ನ ನಿಜ ಗಾತ್ರದಲ್ಲೇ ಬೀಳುವ ಹಾಗೆ) ತೆಗೆಯುವಾಗ ಎಫ್ 11 ಇಟ್ಟರೇ ಅದು ಎಫ್ 22ರ ಹಾಗೆ ನಡೆದುಕೊಳ್ಳುತ್ತದೆ. ಇನ್ನೂ ಮುಚ್ಚಿದರೆ ಇಡೀ ಚಿತ್ರ ಮೆತ್ತಗಾಗುತ್ತದೆ. ಬಾಗಿದ ಬಾಟಲಿಗೆ ಒಂದೇ ಚಿತ್ರದಲ್ಲಿ ಎಲ್ಲ ಹಿಡಿಯುವ ಹಟ ಬೇಡ. ಬಾಟಲಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸಿ, ಒಂದರ ಮೇಲೊಂದು ಸ್ವಲ್ಪ ಬರುವ ಹಾಗೆ ಮೂರು ನಾಲ್ಕು ತೆಗೆಯಿರಿ.

ಸ್ಕೇಲ್ ಎಲ್ಲಿಡಬೇಕು

ಶುರುವಿನಲ್ಲಿ ನಾನೇ ಮಾಡಿದ ತಪ್ಪು ಇದು. ಒಂದು ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಚೆಂದದ ಅಚ್ಚು ಸಿಕ್ಕಿತ್ತು. ಸ್ಕೇಲ್ ಮುಚ್ಚಳದ ಮೇಲೆ ನಿಲ್ಲಲಿಲ್ಲ. ಡಬ್ಬಿಯ ಪಕ್ಕ ಮೇಜಿನ ಮೇಲೇ ಇಟ್ಟು ತೆಗೆದೆ. ಮೇಜು ಅಚ್ಚಿಗಿಂತ ನಾಲ್ಕೈದು ಸೆಂಟಿಮೀಟರ್ ಕೆಳಗಿತ್ತು. ದೂರದ ಸ್ಕೇಲ್ ಚಿಕ್ಕದಾಗಿ ಕಂಡಿತು. ಅದರ ಪ್ರಕಾರ ಅಳತೆ ಕೂರಿಸಿದಾಗ ಅಚ್ಚು ಇದ್ದದ್ದಕ್ಕಿಂತ ದೊಡ್ಡದಾಯಿತು. ಹೋಲಿಸುವವರು ಚಿತ್ರವನ್ನು ವಾಪಸ್ ಕಳಿಸಿದರು, ಕಳಿಸಿದ್ದೇ ಸರಿ. ಅಷ್ಟರಲ್ಲಿ ಡಬ್ಬಿ ಮನೆಯವರ ಕೈ ಸೇರಿ ತೊಳೆದೂ ಆಗಿತ್ತು. ಇವತ್ತಿಗೂ ಆ ಮುಚ್ಚಳ ನನ್ನ ಕಣ್ಣ ಮುಂದಿದೆ.

ಸ್ಕೇಲ್ ಅಚ್ಚಿನ ಮಟ್ಟದಲ್ಲೇ ಇರಬೇಕು. ಬೇಕಿದ್ದರೆ ಕೆಳಗೆ ರಟ್ಟು ಪೇರಿಸಿ. ಅಚ್ಚನ್ನು ಮುಟ್ಟದಷ್ಟು ದೂರ, ಅದೇ ಚಿತ್ರದಲ್ಲಿ ಬರುವಷ್ಟು ಹತ್ತಿರ. ಅಂಟಿಸುವ ಕಾಗದದ ಸ್ಕೇಲ್ ಸಾಮಾನ್ಯ ಕೆಲಸಕ್ಕೆ ಸಾಕು. ಎಲ್ ಆಕಾರದ ಗಟ್ಟಿ ಸ್ಕೇಲಿನ ಲಾಭ ಏನೆಂದರೆ ಕ್ಯಾಮೆರಾ ಓರೆಯಾಗಿದ್ದರೆ ಅದರ ಎರಡು ತೋಳುಗಳಲ್ಲಿ ಅಳತೆ ಬೇರೆ ಬೇರೆ ಬಂದು ಕೂಡಲೇ ತಿಳಿಯುತ್ತದೆ. ಮೊದಲು ಸ್ಕೇಲ್ ಇಲ್ಲದೆ ಒಂದು ಚಿತ್ರ, ಆಮೇಲೆ ಸ್ಕೇಲ್ ಇಟ್ಟು. ಸ್ಕೇಲಿನ ಕೆಳಗೆ ಏನನ್ನೋ ಮುಚ್ಚಿಟ್ಟರು ಅನ್ನುವ ಪ್ರಶ್ನೆಗೆ ಆ ಮೊದಲ ಚಿತ್ರವೇ ಉತ್ತರ.

ಫೈಲ್: ರಾ, ಜೆಪೆಗ್, ವಾಟ್ಸಾಪ್

ರಾ ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳಿ. ಜೆಪೆಗ್ ಜಾಗ ಉಳಿಸಲು ಚಿಕ್ಕ ವಿವರಗಳನ್ನು ಎಸೆಯುತ್ತದೆ. ಬೆರಳಚ್ಚಿನಲ್ಲಿ ನಮಗೆ ಬೇಕಾದದ್ದೇ ಆ ಚಿಕ್ಕ ವಿವರ. ಹೋಲಿಕೆಗೆ ಕಳಿಸುವಾಗ ರಾ ಫೈಲಿನಿಂದ ವಿವರ ಎಸೆಯದ ಟಿಫ್ ಫೈಲ್ ಮಾಡಿ ಕಳಿಸಿ. ಬೆಳಕು-ನೆರಳು ತಿದ್ದುವುದು, ಬಿಳಿ ಗೆರೆಯನ್ನು ಕಪ್ಪು ಮಾಡುವುದು ಎಲ್ಲ ನಕಲಿನ ಮೇಲೆ ಮಾತ್ರ. ಏನು ಮಾಡಿದಿರಿ ಅಂತ ಒಂದೊಂದನ್ನೂ ಬರೆದಿಡಿ. ಮಸುಕಾದ ಚಿತ್ರವನ್ನೂ ಅಳಿಸಬೇಡಿ. ಸಂಖ್ಯೆ 41 ಆದ ಮೇಲೆ 43 ಬಂದರೆ 42 ಎಲ್ಲಿ ಅಂತ ವಕೀಲರು ಕೇಳಿಯೇ ಕೇಳುತ್ತಾರೆ.

ನಮ್ಮ ಕಡೆ ಜಾಸ್ತಿ ಚಿತ್ರಗಳು ಕೆಡುವುದು ವಾಟ್ಸಾಪಿನಲ್ಲಿ. ‘ಫೋಟೋ ಬೇಗ ಕಳಿಸಿ’ ಅನ್ನುತ್ತಾರೆ, ಗ್ರೂಪಿಗೆ ಹಾಕುತ್ತೇವೆ. ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ. 2000 ಪಿಪಿಐ ಇದ್ದದ್ದು ಎಷ್ಟಕ್ಕೆ ಇಳಿಯಿತೋ ಯಾರೂ ನೋಡುವುದಿಲ್ಲ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಅದಕ್ಕಿಂತ ಮೆಮೊರಿ ಕಾರ್ಡಿನಿಂದ ನೇರವಾಗಿ ನಕಲು ಮಾಡುವುದು ಒಳ್ಳೆಯದು.

ನಕಲು ಮಾಡಿದ ಕೂಡಲೇ ಹ್ಯಾಶ್ ಸಂಖ್ಯೆ (ಫೈಲ್ ಸ್ವಲ್ಪ ಬದಲಾದರೂ ಬದಲಾಗುವ ಅದರ ಗುರುತು) ತೆಗೆದು ಬರೆದಿಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಡಿಜಿಟಲ್ ದಾಖಲೆಗೆ ಸರ್ಟಿಫಿಕೇಟ್ ಬೇಕು. ಅದರ ನಮೂನೆಯಲ್ಲಿ ಹ್ಯಾಶ್ ಬರೆಯುವ ಜಾಗವೇ ಇದೆ. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಸರ್ಟಿಫಿಕೇಟ್ ಕಡ್ಡಾಯ ಅಂತ 2020ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಈಗ ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಜಾಗಕ್ಕೆ ಹೋಗಬೇಕು, ಅಲ್ಲಿಯ ಕೆಲಸವನ್ನು ವಿಡಿಯೋ ಮಾಡಬೇಕು ಅಂತ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಂ ಹೇಳುತ್ತದೆ. ಮಹಜರಿನಲ್ಲಿ ಬರೆದ ಅಚ್ಚಿನ ಸಂಖ್ಯೆ, ವಿಡಿಯೋದಲ್ಲಿ ಕಂಡ ಸಂಖ್ಯೆ, ಫೋಟೋದಲ್ಲಿರುವ ಸಂಖ್ಯೆ ಮೂರೂ ಒಂದೇ ಆಗಿರಬೇಕು.

ಒಳ್ಳೆಯ ಚಿತ್ರ ಇದ್ದರೆ ತಪ್ಪೇ ಆಗುವುದಿಲ್ಲ ಅಂತಲೂ ಅಲ್ಲ. 2004ರ ಮ್ಯಾಡ್ರಿಡ್ ರೈಲು ಸ್ಫೋಟದ ನಂತರ, ಡಿಟೋನೇಟರ್ ಇದ್ದ ಚೀಲದ ಮೇಲಿನ ಅಚ್ಚಿನ ಡಿಜಿಟಲ್ ಚಿತ್ರ ನೋಡಿ ಎಫ್‌ಬಿಐ ಅಮೆರಿಕದ ಒಬ್ಬ ವಕೀಲರದ್ದೇ ಅಂದಿತು. ಅವರನ್ನು ಹಿಡಿದಿಟ್ಟರು. ಸ್ಪೇನ್ ಪೊಲೀಸರು ಅದು ಬೇರೆಯವನದು ಅಂತ ತೋರಿಸಿದ ಮೇಲೆ ಬಿಟ್ಟರು. ಮೊದಲು ಚಿತ್ರದ ಗುಣಮಟ್ಟದ ಮೇಲೆ ಮಾತು ಬಂತು. ಪರಿಶೀಲಿಸಿದ ತಜ್ಞರು ತಪ್ಪು ಮನುಷ್ಯರದ್ದು, ಚಿತ್ರದ್ದಲ್ಲ ಅಂದರು. ಚಿತ್ರ ಚೆನ್ನಾಗಿದ್ದರೆ ಕನಿಷ್ಠ ತಪ್ಪನ್ನು ಇನ್ನೊಬ್ಬರು ನೋಡಿ ಹಿಡಿಯಬಹುದು.

ದುಡ್ಡು ಎಲ್ಲಿ ಹಾಕಬೇಕು

ಶುರು ಮಾಡುವವರಿಗೆ ನನ್ನ ಕ್ರಮ ಇದು. ಮೊದಲು ಕಿರಿದಾದ ಕಿರಣದ ಒಳ್ಳೆಯ ಬಿಳಿ ಟಾರ್ಚ್ ಮತ್ತು ಅಲುಗಾಡದ ಟ್ರೈಪಾಡ್. ನಡುಕೋಲು ಅಡ್ಡ ತಿರುಗುವ ಟ್ರೈಪಾಡ್ ಆದರೆ ನೆಲದ ಮೇಲಿನ ಅಚ್ಚಿಗೂ ಆಗುತ್ತದೆ. ಆಮೇಲೆ ಮ್ಯಾಕ್ರೋ ಲೆನ್ಸ್, ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಯಾಕೆಂದರೆ ನಾವು ಫೋಕಸ್ ಕೈಯಲ್ಲೇ ಮಾಡುತ್ತೇವೆ. ಆಮೇಲೆ ಕೆಂಪು, ಹಸಿರು, ಕಿತ್ತಳೆ, ಹಳದಿ ಫಿಲ್ಟರ್. ಕ್ಯಾಮೆರಾ ಕೊನೆಗೆ. ಹತ್ತು ವರ್ಷ ಹಳೆಯ 24 ಮೆಗಾಪಿಕ್ಸೆಲ್ ಬಾಡಿ ಸಾಕು. ಹಲವು ಬಣ್ಣದ ಫೊರೆನ್ಸಿಕ್ ಲೈಟ್ ಸೋರ್ಸ್ ಲ್ಯಾಬುಗಳು ಕೊಳ್ಳುವ ವಸ್ತು, ಅದನ್ನು ಅವರಿಗೇ ಬಿಡಿ.

ಹಳೆಯ ಲೆನ್ಸ್ ಕೊಳ್ಳಲು ಅಂಗಡಿಗೆ ಹೋಗುವಾಗ ಒಂದು ಸ್ಟೀಲ್ ಸ್ಕೇಲ್ ಜೇಬಿನಲ್ಲಿರಲಿ. ಅದನ್ನು ಟೇಬಲ್ ಮೇಲಿಟ್ಟು, ಅಚ್ಚಿನ ಫೋಟೋ ತೆಗೆಯುವಷ್ಟೇ ದೂರದಿಂದ ಒಂದು ಚಿತ್ರ ತೆಗೆಯಿರಿ. ಕಂಪ್ಯೂಟರಿನಲ್ಲಿ ತೆರೆದು 10 ಮಿಲಿಮೀಟರಿಗೆ ಎಷ್ಟು ಪಿಕ್ಸೆಲ್ ಅಂತ ಎಣಿಸಿ. 394 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಇಂಚಿಗೆ 1000 ಆಯಿತು. ನಡುವೆಯೂ ಎಣಿಸಿ, ನಾಲ್ಕು ಮೂಲೆಯಲ್ಲೂ ಎಣಿಸಿ. ಮೂಲೆಯ ಸಂಖ್ಯೆ ನಡುವಿನದಕ್ಕಿಂತ ಬೇರೆ ಬಂದರೆ, ಅಲ್ಲಿನ ಮಿಲಿಮೀಟರ್ ಗೀಟುಗಳು ಮಸುಕಾದರೆ, ಆ ಲೆನ್ಸ್ ಬೇಡ ಅಂತ ಹೇಳಿ ಬನ್ನಿ.